ತಗಡಿನೊಳಗಿದ್ದ ಚಂದ್ರಲೋಕದ ಬೀಗ

ಹುಕ್ಕೇರಿಯ ಸಂತೆಗೆ ಬಂದ ಕಾಯಿಪಲ್ಲೆಯವರು ಇನ್ನೂ ಚೀಲ ಬಿಚ್ಚಿಲ್ಲ. ಬೇವಿನ ಮರದ ಬುಡದಲ್ಲಿ ಆಗಲೇ ಇದ್ದಿಲು ಕೆಂಪಾಗಿದೆ. ಲಗಮಣ್ಣ ಬೆಸುಗೆಯ ಕೋಲನ್ನು ಕೆನ್ನೆಯ ಹತ್ತಿರ ಒಯ್ದು ಕಾವು ನೋಡಿ, "ಆತು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಹಳೆಯ ಎಣ್ಣೆಡಬ್ಬಿಯ ತಗಡು ಅವರ ಕೈಯಲ್ಲಿ ಸುರುಳಿಯಾಗಿ, ತಳ ಕೂಡಿಸಿಕೊಂಡು, ನೋಡನೋಡುತ್ತ ಚಿಮಣಿ ದೀಪವಾಗುತ್ತದೆ. ಬಿಸಿಲೇರುವುದರೊಳಗೆ ಹನ್ನೆರಡು ಚಿಮಣಿ, ನಾಲ್ಕು ಲಾಳಿಕೆ. ಮಧ್ಯಾಹ್ನದ ಮೇಲೆ ಸೋರುವ ಕೊಡಗಳ ಸರದಿ.

ಬಾಜೂದಲ್ಲಿ ಉಳ್ಳಾಗಡ್ಡಿ ಮಾರುವ ಸತ್ತೆಪ್ಪ ರೊಟ್ಟಿ, ಚಟ್ನಿ ಮುಂದೆ ಹಿಡಿಯುತ್ತಾನೆ. ಲಗಮಣ್ಣ ಬೆಳ್ಳುಳ್ಳಿಯ ವಾಸನೆ ಹಿಡಿದು ರೊಟ್ಟಿಯನ್ನಷ್ಟೇ ಮುರಿದುಕೊಳ್ಳುತ್ತಾರೆ. "ಬಳ್ಳೊಳ್ಳಿ ಐತಿ, ಒಲ್ಲೆಪಾ. ಸಣ್ಣಾಂವ ಇದ್ದಾಗಿಂದ ನನಗ ಸೇರೂದಿಲ್ಲ."

ಕಳೆದ ತಿಂಗಳು ಚಂದ್ರನ ಮೇಲೆ ಮನುಷ್ಯರು ಇಳಿದ ಸುದ್ದಿ ರೇಡಿಯೋದಲ್ಲಿ ಬಂದಾಗಿನಿಂದ ಇವರನ್ನು ಚುಡಾಯಿಸುವವರು ಹೆಚ್ಚಾಗಿದ್ದಾರೆ. "ಅಲ್ಲೆ ಯಾರೂ ಇಲ್ಲಂತಲ್ಲೋ ಲಗಮಣ್ಣಾ, ನೀ ಎಲ್ಲಿಂದ ಬಂದಿದ್ದಿ?" ಎನ್ನುತ್ತಾನೆ ಸತ್ತೆಪ್ಪ.

"ನಾ ಇಲ್ಲಿಗೆ ಬಂದೇನಲ್ಲೋ, ಮತ್ತ ಅಲ್ಲೆ ಯಾರ ಇರ್ತಾರ?"

ಹನ್ನೊಂದು ವರ್ಷದ ಹಿಂದೆ, ಐವತ್ತೆಂಟರಲ್ಲಿ, ಗುರುಲಿಂಗಪ್ಪನವರ ನಾಟಕ ಕಂಪನಿ 'ಚಂದ್ರಲೋಕದ ಬೀಗರು' ಆಡುತ್ತಿತ್ತು. ಗೋಕಾಕದ ಒಬ್ಬ ವಿಜ್ಞಾನಿ ವಿಮಾನ ಕಟ್ಟಿ ಚಂದ್ರನಿಗೆ ಹೋಗಿ, ಅಲ್ಲಿಯವನೊಬ್ಬನನ್ನು ಕರೆದು ತರುವ ಕಥೆ. ನಾನೂ ಗೋಕಾಕದಲ್ಲಿ ಬಾಯಿ ತೆರೆದುಕೊಂಡು ಅದನ್ನು ನೋಡಿದವನೇ. ವಿಜ್ಞಾನಿಯ ಪಾತ್ರದವರ ಹೆಸರು ಹ್ಯಾಂಡ್‌ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿತ್ತು. ಚಂದ್ರಲೋಕದವನಾಗಿ ಅಡಿಯಿಂದ ಮುಡಿಯವರೆಗೆ ತಗಡಿನೊಳಗೆ ಬೇಯುತ್ತಿದ್ದ ಲಗಮಣ್ಣನವರ ಹೆಸರು ಮೂಲೆಯಲ್ಲೂ ಇರಲಿಲ್ಲ. ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ, ಲಗಮಣ್ಣನವರಿಗೆ ಬರುವುದಿಲ್ಲ.

"ನಾ ನಟಾ ಅಲ್ರಿ. ಗ್ಯಾಸ್‌ಬತ್ತಿ ರಿಪೇರಿ ಮಾಡಾಂವ. ತಗಡಿನ ಅಂಗಿ ಹೊಲಿ ಅಂದ್ರು. ಅಳತಿ ಕೊಡಾಕ ಯಾರೂ ನಿಲ್ಲಲಿಲ್ಲ, ನನ್ನ ಮೈ ಮ್ಯಾಲೆ ಅಳದು ಮಾಡಿದೆ. ಆಮ್ಯಾಲ ನೋಡಿದ್ರ ಅದು ನನ್ನ ಬಿಟ್ಟು ಯಾರಿಗೂ ಹಿಡೀವಲ್ತು!"

ಹೀಗೆ ಅವರು ನಟರಾದರು. ಚಂದ್ರಲೋಕದವನಿಗೆ ಮಾತಿರಲಿಲ್ಲ. ಎದೆಯ ತಗಡಿಗೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಹಿಂದಿನಿಂದ ತಂತಿ ಬಿಗಿದರೆ ಬಿಚ್ಚಲು ಅರ್ಧ ತಾಸು ಬೇಕು.

ತಗಡಿನ ಕೆಲಸ ಅವರ ತಂದೆಯದು. ತಂದೆ ತೀರಿಕೊಂಡ ಮೇಲೆ ಅದೇ ಕತ್ತರಿ, ಅದೇ ಕೋಲು ಹೊತ್ತುಕೊಂಡು ಲಗಮಣ್ಣ ಹೇಳದೆ ಕೇಳದೆ ಘೋಡಗೇರಿಯಿಂದ ಕಂಪನಿಗೆ ಓಡಿಹೋಗಿದ್ದರು. ತಾಯಿ ಉದ್ದವ್ವ ಊರವರ ಎದುರಿಗೆ, "ಕಂಪನಿ ಬಿಟ್ಟು ಬರೂತನಕಾ ಅವನ ಮಾರಿ ನೋಡೂದಿಲ್ಲ" ಎಂದು ಆಣೆ ಮಾಡಿದ್ದರು. ನಾಲ್ಕು ವರ್ಷ ಮಗನ ಮುಖ ನೋಡಲೂ ಇಲ್ಲ.

ಕಂಪನಿ ಹುಕ್ಕೇರಿಗೆ ಬಂತು. ನಮ್ಮ ಕಡೆ ಆಟ ಮೆಚ್ಚಿದವರು ನಡುವೆಯೇ ರಂಗಕ್ಕೆ ಹತ್ತಿ ಆಯೇರಿ ಮಾಡುತ್ತಾರೆ, ಅಂದರೆ ರುಮಾಲು, ಕುಪ್ಪಸದ ಕಣ ಹೀಗೆ ಏನಾದರೂ ಕೊಡುತ್ತಾರೆ. ಪಡೆದವರು ಕೊಟ್ಟವರ ಊರು, ಹೆಸರು ಕೂಗಿ ಶರಣೆನ್ನಬೇಕು. ಚಂದ್ರಲೋಕದವನಿಗೆ ಅದುವರೆಗೆ ಯಾರೂ ಏನೂ ಕೊಟ್ಟಿರಲಿಲ್ಲ. ಆ ದಿನ ಒಬ್ಬ ಹೆಣ್ಣುಮಗಳು ಸೆರಗು ಹೊದ್ದುಕೊಂಡು ಮೇಲೆ ಬಂದು, ಅವನ ತಗಡಿನ ಕೈಯಲ್ಲಿ ಬುತ್ತಿಯ ಗಂಟು ಇಟ್ಟಳು. "ದೂರದಿಂದ ಬಂದಿ. ಉಂಡಿಯೇನಪಾ?"

ಲಗಮಣ್ಣ ಎರಡು ಸಲ ಬಡಿದರು. ಅಷ್ಟಕ್ಕೇ ಬಿಡಬೇಕಿತ್ತು.

"ಆಯೇರಿ ಅಂದ್ರ ಹೆಸರು ಒದರೂದು ರೂಢಿ ನೋಡ್ರಿ, ತಡಕೊಳ್ಳಾಕ ಆಗಲಿಲ್ಲ. 'ಘೋಡಗೇರಿ ಉದ್ದವ್ವಾರು ಕೊಟ್ಟ ಬುತ್ತಿ, ಶರಣ್ರಿ!' ಅಂತ ಒದರಿಬಿಟ್ಟೆ. ಅಕಿ ಹೆಸರು ಹೇಳಿದ್ದೇ ಇಲ್ಲ!"

ಚಂದ್ರಲೋಕದವನಿಗೆ ಘೋಡಗೇರಿಯ ಉದ್ದವ್ವನ ಗುರುತು! ಜನ ಬಿದ್ದು ಬಿದ್ದು ನಕ್ಕರು. ಉದ್ದವ್ವ ತಿರುಗಿಯೂ ನೋಡದೆ ಇಳಿದು ಹೋದರು. ಮಾಲೀಕರು ಕೆಂಡವಾದರು. ಆದರೆ ಮರುದಿನ ಬಂದವರೆಲ್ಲ ಅದೇ ಪ್ರವೇಶ ಬೇಕೆಂದು ಹಟ ಹಿಡಿದದ್ದರಿಂದ, ಕಂಪನಿ ಮುಚ್ಚುವವರೆಗೂ ಆ ಮಾತು ನಾಟಕದಲ್ಲೇ ಉಳಿಯಿತು.

"ಮತ್ತೆ ಬುತ್ತಿ?" ಎನ್ನುತ್ತೇನೆ ನಾನು.

"ನಾ ತಗಡಿನಿಂದ ಹೊರಗ ಬರೂದ್ರಾಗ ಎಲ್ಲಾರೂ ಕೂಡಿ ತಿಂದು ಕೈ ತೊಳಕೊಂಡಿದ್ರು. ಗಂಟು ಕಟ್ಟಿದ ಅರಿವಿ ಅಷ್ಟ ಸಿಕ್ತು." ಕೋಲನ್ನು ಮತ್ತೆ ಇದ್ದಿಲಿಗೆ ತುರುಕುತ್ತಾರೆ. "ಅವ್ವ ನನ್ನ ಗುರುತು ಹಿಡದು ಕೊಟ್ಟಳೋ, ಚಂದ್ರಲೋಕದಾಂವಂತ ಕೊಟ್ಟಳೋ, ಅದೊಂದು ಗೊತ್ತಾಗಬೇಕಿತ್ರಿ. ಮತ್ತೇನೂ ಆಸೆ ಇಲ್ಲ."

ಕಂಪನಿ ಮುಚ್ಚಿ ಅವರು ಮನೆ ಸೇರಿ ಏಳು ವರ್ಷವಾಯಿತು. ತಾಯಿ ಅಂದೇ ತಾಟು ಇಟ್ಟು ಉಣಲಿಕ್ಕೆ ನೀಡಿದರು. ಈ ಪ್ರಶ್ನೆಗೆ ಮಾತ್ರ ನೇರ ಉತ್ತರ ಕೊಟ್ಟಿಲ್ಲ.

ಮಧ್ಯಾಹ್ನದ ಬಸ್ಸಿಗೆ ಉದ್ದವ್ವ ಮಗನ ಬುತ್ತಿ ಹಿಡಿದು ಬರುತ್ತಾರೆ. ಎಪ್ಪತ್ತರ ಹತ್ತಿರ ವಯಸ್ಸು, ನೆಟ್ಟನೆಯ ಬೆನ್ನು. ನಾನು ಕೇಳಿದ್ದೇ ತಡ, "ಚಂದ್ರಲೋಕದಾಂವ ಹಸದಿದ್ದ, ಕೊಟ್ಟೆ. ಇವಗ್ಯಾಕ ಕೊಡ್ಲಿ?" ಎನ್ನುತ್ತಾರೆ. ಲಗಮಣ್ಣ ನಗುತ್ತಾರೆ. ಅವರಿಗೆ ಇದು ಬಾಯಿಪಾಠ.

"ಅವತ್ತ ಬುತ್ತ್ಯಾಗ ಏನ ಕಟ್ಟಿದ್ರಿ ಯವ್ವಾ?" ಎಂದು ಸುಮ್ಮನೆ ಕೇಳುತ್ತೇನೆ.

"ಎರಡು ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ." ಗಂಟು ಬಿಚ್ಚುತ್ತಲೇ ಹೇಳುತ್ತಾರೆ. "ಬಳ್ಳೊಳ್ಳಿ ಹಾಕಿದ್ದಿಲ್ಲ."

ಲಗಮಣ್ಣನವರ ಸುತ್ತಿಗೆ ನಿಲ್ಲುತ್ತದೆ. ಸತ್ತೆಪ್ಪನೂ ತಕ್ಕಡಿ ಕೆಳಗಿಡುತ್ತಾನೆ. ಉದ್ದವ್ವ ಮಗನ ಕಡೆ ನೋಡುವುದಿಲ್ಲ, ನನ್ನನ್ನೇ ಕೇಳುತ್ತಾರೆ: "ಮಾರಿ ನೋಡೂದಿಲ್ಲ ಅಂತ ಆಣಿ ಮಾಡಿದ್ದೆ. ತಗಡಾ ನೋಡಿದ್ರ ಆಣಿ ತಪ್ಪತೈತೇನ್ರಿ?"

ಲಗಮಣ್ಣ ಆಗಷ್ಟೇ ಬೆಸೆದ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ಎರಡು ಸಲ ಬಡಿಯುತ್ತಾರೆ.