ಗೌರಮ್ಮಜ್ಜಿಯ ಜಗಲಿ ಮರುಸ್ಥಾಪನೆಯ ವರದಿ

ಗುಬ್ಬಿಯ ನಮ್ಮ ಬೀದಿಯ ಸಮಸ್ತ ಘನವೆತ್ತ ಮಹಾಜನಗಳಲ್ಲಿ ಈ ಅಲ್ಪನ ಸಾಷ್ಟಾಂಗ ವಿಜ್ಞಾಪನೆ.

ಇಂದು ಬೆಳಿಗ್ಗೆ ಪೊಲೀಸರು ಬೀದಿಯವರ ಸಭೆ ಕರೆದಿದ್ದರು. ಹಾಡಹಗಲೇ ಸಿಲಿಂಡರು, ಸೈಕಲ್ಲು ಕಳುವಾಗುತ್ತಿವೆ, ಕ್ಯಾಮೆರಾ ಹಾಕಿಸಿ ಎಂದು ಕೂಗಿದೆವು.

"ಮೊದ್ಲು ಇಲ್ಲಿ ಕಳ್ತನನೇ ಇರ್ಲಿಲ್ವಲ್ಲ, ಯಾಕೆ?" ಎಂದರು ಹೆಡ್ ಕಾನ್‌ಸ್ಟೇಬಲ್.

ಎಲ್ಲರಿಗೂ ಮೂಲೆಮನೆ ಗೌರಮ್ಮಜ್ಜಿಯ ಕಲ್ಲುಜಗಲಿ ನೆನಪಾಯಿತು. ಹೊಸಬರು ಯಾರೇ ಬರಲಿ, ಅಲ್ಲಿಂದಲೇ "ಯಾರ ಮನೆಗಪ್ಪಾ? ಯಾರ ಮಗ ನೀನು?" ಎಂಬ ವಿಚಾರಣೆ. ಚರಂಡಿ ಮಾಡುವಾಗ ಜಗಲಿ ಹೋಯಿತು, ಅಜ್ಜಿ ಒಳಗೆ ಸೇರಿಕೊಂಡರು.

ಎಲ್ಲರೂ ಹೋಗಿ ಕರೆದೆವು. "ಜಗಲಿ ಕಿತ್ತಾಗ ಒಬ್ರೂ ಬಾಯ್ ಬುಡ್ಲಿಲ್ಲ. ಈಗ ನಾನ್ ಬೇಕಾ?" ಎಂದರು ಅಜ್ಜಿ.

ಪೊಲೀಸರೂ ನಾವೂ ಸೇರಿ ಚಪ್ಪಡಿ ಹೊತ್ತು ತಂದು ಹಾಕಿದೆವು. ಅಜ್ಜಿ ಕೂತರು. ಬೀದಿಗೆ ಹಳೆಯ ಕಳೆ ಬಂತು.

ಸಂಜೆ ನನ್ನ ಬೈಕು ಕಂಡೊಡನೆ ಅಜ್ಜಿ ಕೇಳಿದರು: "ಏನ್ಲಾ, ತಿರುವಲ್ಲಿ ಇಳಿಸ್ದ್ಯಲ್ಲ, ಅವ್ಳು ಯಾರ ಮಗ್ಳು?"

ಕ್ಯಾಮೆರಾ ಬೇಕೆಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ. ಕ್ಯಾಮೆರಾ ಆದರೆ ನೋಡಿದ್ದನ್ನು ನಮ್ಮಮ್ಮನಿಗೆ ಹೇಳುವುದಿಲ್ಲ.