ಕರಾಚಿಗೆ ಬಾರದ ಹಡಗು

ಮೊನ್ನೆ ಮೊಮ್ಮಗಳ ಬಾಣಂತನಕ್ಕೆಂದು ಮನೆಯಲ್ಲಿ ಅಂಟಿನುಂಡಿ ಕಟ್ಟಿದರು. ತುಪ್ಪದಲ್ಲಿ ಅಂಟು ಅರಳುವ ವಾಸನೆ ಬಂದದ್ದೇ ತಡ, ಸೊಲ್ಲಾಪುರದ ಕಾಕು ನೆನಪಾದಳು...

ಅಕ್ಕಲಕೋಟೆ ಕಡೆಯ ಹಳ್ಳಿಯವಳು, ಗಂಡ ಸತ್ತ ಮೇಲೆ ಸೊಲ್ಲಾಪುರಕ್ಕೆ ಬಂದು ನಮ್ಮ ಪಕ್ಕದ ಮನೆಯಲ್ಲಿದ್ದಳು. ನೆಂಟಳಲ್ಲ, ಚಿಕ್ಕಮ್ಮನೆಂಬಂತೆ ಕಾಕು ಅನ್ನುತ್ತಿದ್ದೆ. ನಾನು ಬಟ್ಟೆ ವ್ಯಾಪಾರಿಯ ಮನೆಯ ಹೊಸ ಸೊಸೆ, ತಾಯಿಯಿಲ್ಲದವಳು. ನಮ್ಮ ಮನೆಯಲ್ಲಿ ಎಲ್ಲರ ಓದುಬರಹವೂ ಮರಾಠಿ. ಕನ್ನಡ ಸಾಲಿ ಕಲಿತವಳು ನಾನೊಬ್ಬಳೇ. ಕಾಕುವಿಗೆ ಓದಲು ಬರುತ್ತಿರಲಿಲ್ಲ, ಹಾಗಾಗಿ ಅವಳ ತಮ್ಮ ಬರೆದ ಕಾಗದಗಳನ್ನು ನಾನೇ ಓದಿ ಹೇಳಬೇಕಿತ್ತು.

ತಮ್ಮ ಕರಾಚಿಯಲ್ಲಿ ಕಬ್ಬಿಣದ ಕೆಲಸಕ್ಕಿದ್ದ. ವಿಲಾಯತಿಯಿಂದ ಹಾರಿಬರಲಿದ್ದ ಒಂದು ಭಾರಿ ಗಾಳಿಹಡಗಿಗಾಗಿ ಅಲ್ಲಿ ಗುಡ್ಡದಂಥ ಶೆಡ್ಡು, ಅದನ್ನು ಬಿಗಿದು ನಿಲ್ಲಿಸಲು ಮುಗಿಲೆತ್ತರದ ಕಂಬ ಕಟ್ಟಿದ್ದರು. ಅಷ್ಟು ದೊಡ್ಡ ಹಡಗು ಜಗತ್ತಿನಲ್ಲಿ ಅದೊಂದೇ ಅಂತೆ. ಆರ್ ನೂರಾ ಒಂದು ಎಂದು ಅದರ ಹೆಸರು. ಅವನ ಕಾಗದಗಳ ತುಂಬ ಅದೇ ಸುದ್ದಿ. ಕಾಕು ಮತ್ತೆ ಮತ್ತೆ ಓದಿಸುತ್ತಿದ್ದಳು.

ಹಡಗು ಬರಬೇಕಿದ್ದ ವರ್ಷ ಮಳೆಗಾಲ ಮುಗಿಯುವಾಗ ನನಗೆ ಎಂಟು ತಿಂಗಳು. ಕಾಕು ನನ್ನ ಬಾಣಂತನದ ಅಂಟಿನುಂಡಿಗೆಂದು ಕೊಬ್ಬರಿ ತುರಿಯುತ್ತಿದ್ದಾಗ ಕಾಗದ ಬಂತು. ಕೊನೆಗೆ ಹೀಗಿತ್ತು: "ಅಕ್ಕಾ, ಹಡಗ ಬರೂದು ನೋಡಾಕ ಬಾ. ನಿನ್ನ ಮಾರಿ ನೋಡಿ ಎಂಟು ವರ್ಷಾತು."

ಆ ಸಾಲನ್ನು ನಾನು ಓದಲಿಲ್ಲ. ಕಾಕು ಹೋದರೆ ನನಗೆ ಯಾರು? ಆರಾಮದಾನಂತೆ ಎಂದು ಹೇಳಿ ಕಾಗದ ಮಡಿಚಿಟ್ಟೆ. ಅವಳು ಹೇಳಿದಂತೆ ಉತ್ತರವನ್ನೂ ಬರೆದೆ.

ಕೆಲ ದಿನಗಳಲ್ಲೇ ಸುದ್ದಿ ಬಂತು. ಹಡಗು ದಾರಿಯಲ್ಲಿ ಫ್ರಾನ್ಸಿನ ಒಂದು ಗುಡ್ಡದ ಮೇಲೆ ಬಿದ್ದು ಸುಟ್ಟುಹೋಗಿತ್ತು. ಒಳಗಿದ್ದವರು ಬಹಳಷ್ಟು ಜನ ಸತ್ತಿದ್ದರು. ಬರೆಯಲು ನಾಚಿಕೆಯಾಗುತ್ತದೆ... ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಕಾಕು ಹೋಗಿದ್ದರೂ ಏನು ನೋಡುತ್ತಿದ್ದಳು ಅಂದುಕೊಂಡೆ.

ಮಗಳು ಹುಟ್ಟಿದಳು. ಕೂಸಿಗೆ ಎರೆದು, ನನಗೆ ಉಣಿಸಿ ಕಾಕು ಎಲ್ಲವನ್ನೂ ಮಾಡಿದಳು. ಆ ಚಳಿಗಾಲದಲ್ಲೇ ಬೇರೆ ಯಾರದೋ ಅಕ್ಷರದಲ್ಲಿ ಕರಾಚಿಯಿಂದ ಕಾಗದ ಬಂತು. ತಮ್ಮ ಜ್ವರದಿಂದ ತೀರಿಹೋಗಿದ್ದ.

ಆಮೇಲೆ ಕಾಕು ಹಳೆಯ ಕಾಗದಗಳನ್ನೇ ತಂದು ಓದಿಸುತ್ತಿದ್ದಳು. ಪ್ರತಿ ಸಲವೂ ನಾನು ಆ ಸಾಲಿಗೆ ಬಂದು ನಿಲ್ಲಿಸುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು.

ಮಗಳಿಗೆ ಮನೆಯಲ್ಲೇ ಕನ್ನಡ ಕಲಿಸಿದ್ದೆ. ಒಂದು ಮಧ್ಯಾಹ್ನ ನಾನು ಒಳಗೆ ಅಕ್ಕಿ ಆರಿಸುತ್ತಿದ್ದಾಗ ಕಾಕು ಆ ಕಾಗದವನ್ನು ಅವಳ ಕೈಗೆ ಕೊಟ್ಟಳು. ಮಗಳು ಅಕ್ಷರ ಕೂಡಿಸಿ ಕೂಡಿಸಿ ಕೊನೆಯವರೆಗೂ ಓದಿದಳು. ಕಾಕು ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಒಳಗೆ ಬಂದು ನನ್ನೆದುರು ಕೂತಳು. ನಾನು ಮೊರದಲ್ಲಿ ಕಲ್ಲು ಹುಡುಕುತ್ತಲೇ ಇದ್ದೆ.

"ನಿನ್ನ ಅಂಥಾ ಹೊತ್ತಿನ್ಯಾಗ ಬಿಟ್ಟು ನಾ ಹೋಗತಿದ್ದಿಲ್ಲ, ತಂಗಿ," ಅಂದಳು. "ಬರಾಕ ಆಗೂದಿಲ್ಲಪಾ ಅಂತ ಅವಗ ಒಂದು ಮಾತು ಬರಸತಿದ್ದೆ. ಅಷ್ಟ. ಹಾದಿ ನೋಡಿರತಾನ ಅವ."

ಆಮೇಲೂ ಬರುತ್ತಿದ್ದಳು, ಮೊದಲಿನಂತೆಯೇ ಮಾತಾಡುತ್ತಿದ್ದಳು. ಕಾಗದ ಮಾತ್ರ ಮತ್ತೆಂದೂ ನನ್ನ ಕೈಗೆ ಕೊಡಲಿಲ್ಲ.

ಕಾಕು ತೀರಿಕೊಂಡು ಬಹಳ ವರ್ಷಗಳಾದವು. ತಪ್ಪಾಯಿತೆಂದು ಅವಳಿಗೆ ಒಂದು ಮಾತೂ ನಾನು ಹೇಳಲಿಲ್ಲ. ನಿನ್ನೆ ಮಗಳು ಬಾಣಂತಿಯ ಪಕ್ಕ ಕೂತು ಹಿಗ್ಗಿನಿಂದ ಹೇಳುತ್ತಿದ್ದಳು, ತಾನು ಮೊಟ್ಟಮೊದಲು ಓದಿದ್ದು ಕಾಕುವಿನ ಕಾಗದವಂತೆ, ಶಾಣ್ಯಾಕಿ ಅಂತ ಕಾಕು ಕೆನ್ನೆ ಸವರಿದಳಂತೆ... ಅವಳಿಗೂ ನಾನು ಏನೂ ಹೇಳಿಲ್ಲ.