ವೇಕೆಂಟ್ ಪದದ ತವರುಮನೆ

ಸ್ಟಾಫ್ ರೂಮಿನಲ್ಲಿ ನನಗೆ ಕೊಟ್ಟ ಮೇಜಿನ ಡ್ರಾ ಎಳೆದಾಗ ಲವಂಗದ ವಾಸನೆ ಬಂತು. ಮೂಲೆಯಲ್ಲಿ ಎರಡು ಒಣ ಲವಂಗ, ಮತ್ತೇನೂ ಇರಲಿಲ್ಲ. ಇದು ಯಾರ ಮೇಜೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಇದೇ ಕಾಲೇಜಿನಲ್ಲಿ ನಾನು ಓದುವಾಗ, ಇಂಗ್ಲಿಷ್ ಮೇಡಂ ಗಂಟಲಿಗೆಂದು ಸದಾ ಲವಂಗ ಬಾಯಲ್ಲಿಟ್ಟುಕೊಂಡಿರುತ್ತಿದ್ದರು. ಅತಿಥಿ ಉಪನ್ಯಾಸಕಿ, ಕೊಟ್ಟೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಹೊಸ ಪದ ಬಂದರೆ ಅರ್ಥಕ್ಕಿಂತ ಮೊದಲು ಅದರ ತವರುಮನೆ ಯಾವುದೆಂದು ಕೇಳುತ್ತಿದ್ದರು. ನಾವು ನಿಘಂಟು ತೆರೆದು ಹುಡುಕಬೇಕು.

ಬೇಸಿಗೆ ರಜೆಯ ಹಿಂದಿನ ದಿನ ಬೋರ್ಡಿನ ಮೇಲೆ ‘ವೇಕೆಂಟ್’ ಎಂದು ಬರೆದು, ಅದರ ಕೆಳಗೆ ‘ವೆಕೇಶನ್’ ಎಂದು ಬರೆದರು.

“ಇಬ್ಬರೂ ಅಕ್ಕತಂಗೇರು. ತವರುಮನಿ ಲ್ಯಾಟಿನ್. ‘ವಕಾರೆ’ ಅಂದ್ರ ಖಾಲಿ ಇರೋದು, ಬಿಡುವಾಗಿರೋದು. ಫ್ರೆಂಚರ ಮನಿ ಹಾದು ಇಂಗ್ಲಿಷಿಗೆ ಬಂದಾರ.”

ಹಿಂದಿನ ಬೆಂಚಿನ ನನ್ನ ಗೆಳತಿ ಸುಮ್ಮನಿರಲಿಲ್ಲ. “ರಜಾ ಅಂದ್ರ ಖುಷಿ ಅಲ್ರಿ ಮೇಡಂ? ಖಾಲಿ ಹೆಂಗಾತ್ರಿ?”

“ನಿನಗ ಖುಷಿ ಬಿಡವಾ. ನನಗ ಖಾಲಿ.”

ಎಲ್ಲರೂ ನಕ್ಕೆವು. ಅವರೂ ನಕ್ಕರು... ರಜೆಯಲ್ಲಿ ಅವರಿಗೆ ಸಂಬಳವಿಲ್ಲ, ಜೂನ್‌ನಲ್ಲಿ ಮತ್ತೆ ಕರೆಯುವ ಖಾತ್ರಿಯೂ ಇಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ‘ವೇಕೆಂಟ್’ ಇಂಗ್ಲಿಷಿನಲ್ಲಿ ಮೊದಲು ಅಂಟಿಕೊಂಡದ್ದು ಹುದ್ದೆಗಳಿಗೇ ಎಂದೂ ಅವತ್ತು ಹೇಳಿದ್ದರು. ಖಾಲಿ ಮನೆ, ಖಾಲಿ ನೋಟ, ಅವೆಲ್ಲ ಆಮೇಲಿನ ಅರ್ಥಗಳು.

ಈ ವರ್ಷ ಅರ್ಹತಾ ಪರೀಕ್ಷೆ ಪಾಸಾಗದ ಅತಿಥಿ ಉಪನ್ಯಾಸಕರಿಗೆ ಜಾಗವಿಲ್ಲವೆಂದಾಯಿತು. ನಾನು ಪಾಸಾಗಿದ್ದೆ. ಮೇಡಂ ಆಗಿರಲಿಲ್ಲ. ಆನ್‌ಲೈನ್ ಪಟ್ಟಿಯಲ್ಲಿ ಈ ಕಾಲೇಜಿನ ಇಂಗ್ಲಿಷ್ ಹುದ್ದೆಯ ಮುಂದೆ ‘ವೇಕೆಂಟ್’ ಎಂದಿತ್ತು. ಹೊಸಹಳ್ಳಿಯ ನಮ್ಮ ಮನೆಗೆ ಹತ್ತಿರ. ಅದು ಯಾರ ಜಾಗವೆಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ನಂಬರ್ ನನ್ನಲ್ಲಿತ್ತು. ಮೂರು ದಿನ ಅದನ್ನು ತೆಗೆದು ತೆಗೆದು ನೋಡಿದೆ. ಏನೆಂದು ಕೇಳುವುದು? ಕೊನೆಯ ದಿನ, ಫೋನ್ ಮಾಡದೆಯೇ, ಈ ಕಾಲೇಜನ್ನು ಆರಿಸಿಕೊಂಡೆ.

ಈಗ ಫೋನ್ ಸದ್ದಾದರೆ ಅವರದೇ ಇರಬೇಕೆಂದು ತೆಗೆದು ನೋಡುತ್ತೇನೆ. ಪ್ರತಿ ಸಲವೂ ಬೇರೆ ಯಾರದೋ. ಮೇಡಂ ಹಡಗಲಿ ಕಡೆ ಯಾವುದೋ ಶಾಲೆ ಸೇರಿದ್ದಾರಂತೆ... ಸರಿಯಾಗಿ ಬಲ್ಲವರು ಇಲ್ಲಿ ಯಾರೂ ಇಲ್ಲ.

“ಬ್ಯಾಗ್ ಯಾಕ ತೊಡಿ ಮ್ಯಾಲ ಇಟ್ಕೊಂಡು ಕುಂತೀರಿ ಮೇಡಂ?” ಅಟೆಂಡರ್ ಕೇಳಿದ. “ಡ್ರಾ ಖಾಲಿ ಐತಲ್ರಿ, ಅದ್ರಾಗ ಇಡ್ರಿ.”

ವಾಸನೆ ಹೋಗದಿರಲೆಂದು ಡ್ರಾ ಮುಚ್ಚಿದೆ. ಮೊದಲ ತರಗತಿಯ ಗಂಟೆ ಹೊಡೆಯುವವರೆಗೂ ಬ್ಯಾಗ್ ತೊಡೆಯ ಮೇಲೆಯೇ ಇತ್ತು.